ಬೇಸಿಗೆ ರಜೆ: ಶಿಬಿರಕ್ಕೆ ಸೇರಿಸೋದಾ, ಮಕ್ಕಳನ್ನ ಅವರ ಪಾಡಿಗೆ ಬಿಡೋದಾ?

ಪರೀಕ್ಷೆ ಮುಗಿಯುವ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ನಿಂತ ಅಪ್ಪ ಅಮ್ಮಂದಿರದ್ದೆಲ್ಲ ಒಂದೇ ಮಾತು. "ಈ ಸಲ ಯಾವ ಕ್ಯಾಂಪಿಗೆ ಹಾಕ್ತಿದ್ದೀರಿ?" ಯಾವುದಕ್ಕೂ ಹಾಕಲ್ಲ ಅಂದರೆ ಮಗುವಿಗೆ ಏನೋ ತಪ್ಪಿಹೋಗುತ್ತದೆ ಅನ್ನುವ ಅಳುಕು. ಹಾಕಿದರೆ ರಜೆಯಲ್ಲೂ ಬೆಳಗ್ಗೆ ಎಬ್ಬಿಸಿ, ಬ್ಯಾಗು ಹಾಕಿಸಿ ಕಳಿಸಬೇಕಲ್ಲ ಅನ್ನುವ ಸಂಕಟ. ನಾವು ಚಿಕ್ಕವರಿದ್ದಾಗ ನಮ್ಮ ರಜೆಯನ್ನು ಯಾರೂ ಪ್ಲ್ಯಾನ್ ಮಾಡಿರಲಿಲ್ಲ ಅನ್ನುವವರೂ ಇದ್ದಾರೆ. ನಿಜ. ಆದರೆ ಆಗ ಮನೆಯಲ್ಲಿ ಯಾರಾದರೊಬ್ಬರು ಇರುತ್ತಿದ್ದರು, ಬೀದಿಯಲ್ಲಿ ಹತ್ತು ಮಕ್ಕಳಿರುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ಈ ಎರಡೂ ಇಲ್ಲ.

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 11ರ ಸುಮಾರಿಗೆ ರಜೆ ಶುರುವಾಗಿ ಮೇ 28ರ ಸುಮಾರಿಗೆ ಮುಗಿಯುತ್ತದೆ. ಅಂದರೆ ಹತ್ತಿರ ಹತ್ತಿರ 48 ದಿನ. ಇಷ್ಟು ದಿನಕ್ಕೆ ಒಂದೇ ಉತ್ತರ ಸಾಲುವುದಿಲ್ಲ. ನಾವಿರುವುದು ಮೈಸೂರಿನಲ್ಲಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳಿಗೆ 11 ವರ್ಷ, ಮಗನಿಗೆ 7. ಶಿಬಿರ, ಈಜು, ಅಜ್ಜಿ ಮನೆ, ಸುಮ್ನೆ ಮನೆಯಲ್ಲೇ ಬಿಡುವುದು, ಎಲ್ಲವನ್ನೂ ಒಂದೊಂದು ಬೇಸಿಗೆಯಲ್ಲಿ ಮಾಡಿ ನೋಡಿದ್ದೇವೆ. ಅದರಿಂದ ತಿಳಿದದ್ದನ್ನು, ನಿಮಗೆ ಉಪಯೋಗಕ್ಕೆ ಬರುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಯಾವುದನ್ನು ನೋಡಿ ತೀರ್ಮಾನ ಮಾಡಬೇಕು?

ಮೊದಲ ಪ್ರಶ್ನೆ: ಹಗಲು ಹೊತ್ತು ಮನೆಯಲ್ಲಿ ದೊಡ್ಡವರು ಯಾರಿರುತ್ತಾರೆ? ಯಾರೂ ಇಲ್ಲ ಅಂದರೆ ಉಳಿದ ಮಾತೆಲ್ಲ ಆಮೇಲೆ. ಏಳು ವರ್ಷದ ಮಗುವನ್ನು ಒಬ್ಬನೇ ಬೀಗ ಹಾಕಿ ಬಿಟ್ಟು ಹೋಗುವುದು ಸ್ವಾತಂತ್ರ್ಯ ಅಲ್ಲ. ದೊಡ್ಡವರು ಇದ್ದರೂ ಅವರ ಕೈಕಾಲು ಎಷ್ಟು ಗಟ್ಟಿ ಇದೆ ಅಂತ ನೋಡಬೇಕು. ಮಂಡಿನೋವಿನ ಅಜ್ಜಿಗೆ ಇಬ್ಬರು ಹುಡುಗರನ್ನು ಹತ್ತು ಗಂಟೆ ಒಪ್ಪಿಸುವುದು ಅಜ್ಜಿಗೂ ಕಷ್ಟ, ಮಕ್ಕಳಿಗೂ ಕಷ್ಟ.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಜೊತೆಗೆ ಆಡುವ ಮಕ್ಕಳು ಇದ್ದಾರಾ? ನಾವು ಮಗುವನ್ನು ಅದರ ಪಾಡಿಗೆ ಬಿಡುತ್ತೇವೆ ಅಂದುಕೊಳ್ಳುತ್ತೇವೆ. ಆದರೆ ಬೀದಿಯ ಬೇರೆ ಮಕ್ಕಳೆಲ್ಲ ಕ್ಯಾಂಪಿಗೆ ಹೋಗಿದ್ದರೆ ಅದು ಯಾರ ಜೊತೆ ಆಡಬೇಕು? ಒಂದು ವರ್ಷ ನಾವು ಮಾಡಿದ ತಪ್ಪು ಇದೇ. ಈ ಸಲ ಯಾವ ಕ್ಲಾಸೂ ಬೇಡ ಅಂತ ತೀರ್ಮಾನಿಸಿ ಸಮಾಧಾನದಿಂದ ಕೂತೆವು. ಏಪ್ರಿಲ್ ಮಧ್ಯಕ್ಕೆ ನೋಡಿದರೆ ನಮ್ಮ ಬೀದಿ ಖಾಲಿ. ಮಗಳು ದಿನಾ ಬೆಳಗ್ಗೆ ಗೇಟಿನ ಮೇಲೆ ಗದ್ದ ಊರಿ ನಿಂತಿರುತ್ತಿದ್ದಳು. ಒಂದು ವಾರ ಆದ ಮೇಲೆ ಗೇಟಿನ ಹತ್ತಿರ ಹೋಗುವುದನ್ನೂ ಬಿಟ್ಟು ಟಿವಿ ಮುಂದೆ ಕೂತಳು.

ಮೂರನೆಯದು ಜಾಗ, ಬಿಸಿಲು, ನೀರು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಬಿಡುವ ಮಾತೇ ಇಲ್ಲ. ಮಲೆನಾಡಿನಲ್ಲಿ ನೆರಳಿದೆ, ಆದರೆ ಕೆರೆ, ಬಾವಿ, ಹೊಳೆ ಇದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಜಾಗ ಇದೆ, ಆದರೆ ಚೆಂಡಾಟ ನಿಷೇಧ ಅನ್ನುವ ಬೋರ್ಡೂ ಇರುತ್ತದೆ.

ಆಮೇಲೆ ಮಗುವಿನ ವಯಸ್ಸು, ಸ್ವಭಾವ. ನಾಲ್ಕೈದು ವರ್ಷದ್ದಕ್ಕೆ ಮನೆಯವರ ಹತ್ತಿರ ಇರುವುದೇ ಮುಖ್ಯ. ಎಂಟರಿಂದ ಹನ್ನೆರಡು ವರ್ಷದವರು ಏನು ಕೊಟ್ಟರೂ ಕಲಿಯುತ್ತಾರೆ, ಏನೂ ಕೊಡದಿದ್ದರೆ ತಾವೇ ಹುಡುಕಿಕೊಳ್ಳುತ್ತಾರೆ. ಕೊನೆಯದು ದುಡ್ಡು. ಶಿಬಿರದ ಶುಲ್ಕ ಒಂದನ್ನೇ ನೋಡಬೇಡಿ. ಆಟೋ ಅಥವಾ ವ್ಯಾನು, ಟಿ-ಶರ್ಟು, ಬಣ್ಣದ ಸಾಮಾನು, ಕೊನೆಯ ದಿನದ ಡ್ಯಾನ್ಸಿಗೆ ಬಾಡಿಗೆ ಬಟ್ಟೆ, ಎಲ್ಲ ಸೇರಿಸಿ ಲೆಕ್ಕ ಹಾಕಿ.

ಇಡೀ ದಿನದ ಶಿಬಿರ

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ಒಂಟಿಯಾಗಿ ಮಗು ಬೆಳೆಸುತ್ತಿರುವವರಿಗೆ ಇದು ಆಯ್ಕೆ ಅನ್ನುವುದಕ್ಕಿಂತ ಅಗತ್ಯ. ಅದರ ಬಗ್ಗೆ ತಪ್ಪಿತಸ್ಥ ಭಾವನೆ ಖಂಡಿತ ಬೇಡ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಗು ಕ್ಷೇಮವಾಗಿರುತ್ತದೆ, ಹೊಟ್ಟೆಗೆ ಬೀಳುತ್ತದೆ, ಜೊತೆಗೆ ಮಕ್ಕಳಿರುತ್ತಾರೆ. ಮೊದಲ ಎರಡು ಪ್ರಶ್ನೆಗೂ ಒಟ್ಟಿಗೆ ಉತ್ತರ ಸಿಗುವುದು ಇಲ್ಲೇ.

ತೊಂದರೆ ಏನೆಂದರೆ, ಇಂಥ ಕಡೆ ಬೆಳಗಿನ ಹೊತ್ತು ಚೆನ್ನಾಗಿ ಕಳೆದು ಮಧ್ಯಾಹ್ನ ಸೊರಗುತ್ತದೆ. ಮಗನನ್ನು ಒಂದು ವರ್ಷ ಹಾಕಿದ್ದ ಕಡೆ ಕರಪತ್ರದಲ್ಲಿ ಹದಿನಾಲ್ಕು ಚಟುವಟಿಕೆ ಬರೆದಿದ್ದರು. ಒಂದು ದಿನ ಬೇಗ ಕರೆತರಲು ಹೋದೆ. ಒಂದೇ ಹಾಲಿನಲ್ಲಿ ನಲವತ್ತು ಮಕ್ಕಳು, ಎರಡು ಫ್ಯಾನು, ಗೋಡೆಯ ಟಿವಿಯಲ್ಲಿ ಕಾರ್ಟೂನು. ದಿನಾ ಊಟ ಆದ ಮೇಲೆ ಹೀಗೇ ಅಂತ ಮಗ ಆಮೇಲೆ ಹೇಳಿದ. ಅದಕ್ಕೇ ಈಗ ನಾನು ಕೇಳುವ ಮೊದಲ ಪ್ರಶ್ನೆ "ಏನೇನು ಕಲಿಸ್ತೀರಿ" ಅಲ್ಲ, "ಮಧ್ಯಾಹ್ನ ಎರಡರಿಂದ ನಾಲ್ಕು ಏನು ಮಾಡಿಸ್ತೀರಿ" ಅಂತ. ಜೊತೆಗೆ ಇನ್ನೂ ಕೆಲವು ಕೇಳಿ. ಒಬ್ಬ ದೊಡ್ಡವರಿಗೆ ಎಷ್ಟು ಮಕ್ಕಳು? ಶೌಚಾಲಯ ಎಲ್ಲಿದೆ, ಚಿಕ್ಕವರ ಜೊತೆ ಯಾರು ಹೋಗುತ್ತಾರೆ? ಮಗುವನ್ನು ಕರೆದೊಯ್ಯಲು ಬಂದವರು ಯಾರು ಅಂತ ಹೇಗೆ ಖಾತ್ರಿ ಮಾಡಿಕೊಳ್ಳುತ್ತಾರೆ? ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ? ಮುಖ ಸಿಂಡರಿಸದೆ ಉತ್ತರ ಕೊಡುವವರ ಹತ್ತಿರ ಸೇರಿಸಿ.

ಒಂದೇ ವಿಷಯದ ಶಿಬಿರ

ಎರಡು ಮೂರು ವಾರ, ಅರ್ಧ ದಿನ, ಒಂದೇ ವಿಷಯ. ದುಡ್ಡು ಕೊಟ್ಟು ಏನಾದರೂ ಕಲಿಸಬೇಕು ಅಂತಿದ್ದರೆ ನನ್ನ ಓಟು ಇದಕ್ಕೆ. ಒಂದೇ ವಾರದಲ್ಲಿ ಮಣ್ಣಿನ ಮಡಕೆ, ಕೀಬೋರ್ಡು, ವೇದಗಣಿತ, ಕರಾಟೆ ಎಲ್ಲವನ್ನೂ ಮುಟ್ಟಿಸುವುದಕ್ಕಿಂತ ಒಂದನ್ನು ಕೊನೆವರೆಗೂ ಮಾಡುವುದು ಒಳ್ಳೆಯದು.

ನಮ್ಮೂರಿನ ರಂಗಾಯಣದ ಚಿಣ್ಣರ ಮೇಳ ಇದಕ್ಕೆ ಒಳ್ಳೆಯ ಉದಾಹರಣೆ. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಶುರುವಾದ ಸಂಸ್ಥೆ ಇದು. ಮೇಳದಲ್ಲಿ ಮಕ್ಕಳು ಹಾಡುತ್ತಾರೆ, ಕುಣಿಯುತ್ತಾರೆ, ಕೊನೆಗೆ ನಾಟಕ ಆಡುತ್ತಾರೆ. ನಾಟಕಕ್ಕೆ ಒಂದು ಗುಣ ಇದೆ. ಅದರಲ್ಲಿ ಮರವಾಗಿ ನಿಲ್ಲುವ ಮಗುವೂ ಬೇಕು, ರಾಜನೂ ಬೇಕು. ನಾಚಿಕೆಯ ಮಗುವೂ ಹದಿನೈದು ದಿನದಲ್ಲಿ ಯಾರದೋ ಜೊತೆ ಸೇರಿಕೊಂಡಿರುತ್ತದೆ. ಸೀಟು ಬೇಗ ತುಂಬುತ್ತದೆ, ಹಾಗಾಗಿ ಮಾರ್ಚ್‌ನಲ್ಲೇ ವಿಚಾರಿಸಿ. ಶಿವಮೊಗ್ಗ, ಧಾರವಾಡದ ರಂಗಾಯಣಗಳಲ್ಲೂ ಮಕ್ಕಳಿಗೆ ಇಂಥ ಮೇಳ ನಡೆಯುತ್ತದೆ. ಪ್ರಾಣಿ ಪಕ್ಷಿಯ ಹುಚ್ಚಿರುವ ದೊಡ್ಡ ಮಕ್ಕಳಿಗೆ ಮೈಸೂರು ಮೃಗಾಲಯದ ಬೇಸಿಗೆ ಶಿಬಿರ ಇದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನ ಇದೆ, ನೆಹರೂ ತಾರಾಲಯ ಇದೆ. ಖಾಸಗಿ ಶಿಬಿರಕ್ಕೆ ಮುಂಗಡ ಕೊಡುವ ಮೊದಲು ಇಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಒಮ್ಮೆ ಕೇಳಿ ನೋಡಿ. ಖರ್ಚು ಸಾಮಾನ್ಯವಾಗಿ ಕಡಿಮೆ, ಕಲಿಸುವವರಿಗೆ ಆ ವಿಷಯ ಗೊತ್ತಿರುತ್ತದೆ.

ಕೊರತೆಯೂ ಇದೆ. ಅರ್ಧ ದಿನದ ಶಿಬಿರ ಕೆಲಸಕ್ಕೆ ಹೋಗುವವರಿಗೆ ಹೊಂದುವುದಿಲ್ಲ. ಹನ್ನೆರಡೂವರೆಗೆ ಮಗುವನ್ನು ಕರೆತರುವುದು ಯಾರು? ನಾವು ಮೂರು ಮನೆಯವರು ಸೇರಿ ಸರದಿ ಮಾಡಿಕೊಂಡೆವು. ಒಬ್ಬರು ಬಿಡುವುದು, ಇನ್ನೊಬ್ಬರು ಕರೆತರುವುದು, ಮೂರನೆಯವರ ಮನೆಯಲ್ಲಿ ಊಟ.

ಈಜಿನ ಮಾತು ಬೇರೆ

ಈಜನ್ನು ಉಳಿದ ಕ್ಲಾಸುಗಳ ಸಾಲಿಗೆ ಸೇರಿಸಬೇಡಿ. ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಓದುತ್ತೇವಲ್ಲ, ರಜೆಗೆ ಊರಿಗೆ ಹೋದ ಮಕ್ಕಳು ಕೆರೆಗೆ ಇಳಿದು ವಾಪಸ್ ಬರಲಿಲ್ಲ ಅಂತ. ಮಗು ಆರೇಳು ವರ್ಷದ್ದಾಗಿದ್ದು, ಒಂದೇ ಒಂದು ಕ್ಲಾಸಿಗೆ ದುಡ್ಡಿದೆ ಅಂದರೆ ಅದನ್ನು ಈಜಿಗೆ ಕೊಡಿ. ಬೇಸಿಗೆ ಬ್ಯಾಚುಗಳು ಎಷ್ಟೋ ಕಡೆ ಮೂರು ವಾರದವು. ಬೆಳಗ್ಗೆ ಬೇಗ ಮುಗಿಯುತ್ತದೆ, ಉಳಿದ ಇಡೀ ದಿನ ಮಗುವಿನದ್ದು.

ಆದರೆ ಕೊಳದಲ್ಲಿ ಈಜು ಬಂತು ಅಂತ ಹೊಳೆಗೆ ಬಿಡಬೇಡಿ. ಹೊಳೆಯಲ್ಲಿ ಸೆಳವು ಇರುತ್ತದೆ, ಕೆರೆಯಲ್ಲಿ ಹೂಳು ಇರುತ್ತದೆ. ತೋಟದ ಕೃಷಿಹೊಂಡ ಇನ್ನೂ ಅಪಾಯ. ನೀರು ಇಂಗದ ಹಾಗೆ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಕಾಲು ಜಾರಿ ಬಿದ್ದರೆ ಹಿಡಿಯಲು ಏನೂ ಸಿಗುವುದಿಲ್ಲ, ಇಳಿಜಾರು ಹತ್ತಲೂ ಆಗುವುದಿಲ್ಲ. ಈಜು ಬರುವ ದೊಡ್ಡವರೇ ಅದರಿಂದ ಮೇಲೆ ಬರಲು ಒದ್ದಾಡುತ್ತಾರೆ.

ಅಜ್ಜಿ ಮನೆ

ಶುಲ್ಕವಿಲ್ಲದ, ಬೆಲೆ ಕಟ್ಟಲಾಗದ ಆಯ್ಕೆ ಇದು, ಯಾರಿಗೆ ಉಂಟೋ ಅವರಿಗೆ. ನಮ್ಮಮ್ಮನ ಮನೆ ಮಲೆನಾಡಿನಲ್ಲಿ. ಅಲ್ಲಿ ಮಕ್ಕಳಿಗೆ ಅಂತ ಯಾರೂ ಏನೂ ಮಾಡುವುದಿಲ್ಲ, ಮನೆಯ ಕೆಲಸದಲ್ಲೇ ಅವರೂ ಸೇರಿಕೊಳ್ಳುತ್ತಾರೆ. ಹಲಸಿನ ಹಪ್ಪಳ ಮಾಡುವ ದಿನ ಮಗನಿಗೆ ಉಂಡೆ ಕಟ್ಟುವ ಕೆಲಸ, ಮಗಳಿಗೆ ಒತ್ತುವ ಕೆಲಸ. ಅಜ್ಜಿ ಕೈಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಾ, "ಮುಟ್ಟಬೇಡ್ರೋ, ಮೇಣ ಅಂಟಿದ್ರೆ ಹೋಗಲ್ಲ" ಅನ್ನುತ್ತಾರೆ. ಇವರು ಮುಟ್ಟಿಯೇ ಮುಟ್ಟುತ್ತಾರೆ. ಹಪ್ಪಳ ಒಣಗಿಸಿದ ಚಾಪೆಯ ಪಕ್ಕ ಕೋಲು ಹಿಡಿದು ಕಾಗೆ ಓಡಿಸುತ್ತಾ ಮಗ ಒಂದಿಡೀ ಬೆಳಗ್ಗೆ ಕೂತಿದ್ದ. ಮನೆಯಲ್ಲಿ ಹತ್ತು ನಿಮಿಷ ಒಂದು ಕಡೆ ಕೂರದ ಹುಡುಗ ಅವನು.

ಆದರೆ ಎರಡು ಮಾತು. ಒಂದು, ಅಜ್ಜಿ ತಾತನ ಆರೋಗ್ಯ, ಅವರ ಮನಸ್ಸು ಎರಡನ್ನೂ ಕೇಳಿಕೊಂಡು ಕಳಿಸಿ. "ಬರಲಿ ಬಿಡು" ಅನ್ನುವುದು ಅವರ ಪ್ರೀತಿ. ಎಷ್ಟು ದಿನ ಆಗುತ್ತದೆ ಅಂತ ನಾವೇ ಲೆಕ್ಕ ಹಾಕಬೇಕು. ಅಕ್ಕ ತಂಗಿಯರ ಮಕ್ಕಳು ಒಂದೇ ಸಮಯಕ್ಕೆ ಸೇರುವ ಹಾಗೆ ದಿನ ಗೊತ್ತುಮಾಡಿ, ನಿಮ್ಮಲ್ಲಿ ಒಬ್ಬರು ಸರದಿಯಲ್ಲಿ ಜೊತೆಗಿದ್ದರೆ ಎಲ್ಲರಿಗೂ ಸಲೀಸು. ಎರಡು, ಹೋದ ಮೊದಲ ದಿನವೇ ಬಾವಿ, ಹೊಂಡ, ತೋಟದ ಕರೆಂಟು ಪಂಪು ಎಲ್ಲಿದೆ ಅಂತ ಮಕ್ಕಳ ಜೊತೆ ನಡೆದು ತೋರಿಸಿ, ಎಲ್ಲಿಯವರೆಗೆ ಹೋಗಬಹುದು ಅಂತ ಗುರುತು ಹೇಳಿ. "ದೂರ ಹೋಗ್ಬೇಡ" ಅಂದರೆ ಮಗುವಿಗೆ ಅರ್ಥ ಆಗುವುದಿಲ್ಲ. "ಆ ಮಾವಿನ ಮರದಿಂದ ಆಚೆ ಇಲ್ಲ" ಅಂದರೆ ಆಗುತ್ತದೆ.

ಪ್ರಯಾಣದ ಖರ್ಚಿನ ಮಾತು ಬಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅಮ್ಮನಿಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಆರರಿಂದ ಹನ್ನೆರಡರೊಳಗಿನ ಮಗನಿಗೆ ಅರ್ಧ ಟಿಕೆಟ್. ಮೊದಲೆಲ್ಲ ವರ್ಷಕ್ಕೊಂದು ಸಲ ಹೋಗುತ್ತಿದ್ದ ತವರಿಗೆ ರಜೆಯಲ್ಲಿ ಎರಡು ಸಲ ಹೋಗಿಬರುವವರನ್ನು ನೋಡಿದ್ದೇನೆ.

ಮನೆಯಲ್ಲೇ, ಅವರ ಪಾಡಿಗೆ

ಇದು ಅಗ್ಗದ ಆಯ್ಕೆ ಅಂತ ಅನ್ನಿಸುತ್ತದೆ. ದುಡ್ಡಿನಲ್ಲಿ ಅಗ್ಗ, ತಾಳ್ಮೆಯಲ್ಲಿ ದುಬಾರಿ. ಮೊದಲ ಮೂರು ನಾಲ್ಕು ದಿನ "ಅಮ್ಮಾ, ಬೇಜಾರು" ಅನ್ನುವುದನ್ನು ಗಂಟೆಗೆ ಐದು ಸಲ ಕೇಳಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಎರಡನೇ ದಿನಕ್ಕೇ ಮೊಬೈಲು ಕೊಡುತ್ತೇವೆ, ಇಲ್ಲ ಓಡಿಹೋಗಿ ಯಾವುದೋ ಕ್ಯಾಂಪಿಗೆ ಸೇರಿಸುತ್ತೇವೆ. ವರ್ಷವಿಡೀ ಗಂಟೆ ಹೊಡೆದಂತೆ ಬದುಕಿದ ಮಗುವಿಗೆ ಖಾಲಿ ಹೊತ್ತನ್ನು ಏನು ಮಾಡಬೇಕು ಅಂತ ತಿಳಿಯಲು ಅಷ್ಟು ದಿನ ಬೇಕೇ ಬೇಕು.

ಕಳೆದ ಬೇಸಿಗೆಯಲ್ಲಿ ಐದನೇ ದಿನ ನಮ್ಮ ಮನೆಯ ಮಹಡಿ ಮೆಟ್ಟಿಲು ಬಸ್ಸಾಯಿತು. ಮಗಳು ಡ್ರೈವರು, ಮಗ ಕಂಡಕ್ಟರು, ಪಕ್ಕದ ಮನೆಯ ಇಬ್ಬರು, ಮೇಲಿನ ಮನೆಯ ಒಬ್ಬಳು ಪ್ರಯಾಣಿಕರು. ರಟ್ಟಿನ ಮೇಲೆ "ಮೈಸೂರು - ಹುಣಸೂರು - ಮಡಿಕೇರಿ" ಅಂತ ಬೋರ್ಡು. ಹಳೇ ನೋಟ್‌ಬುಕ್ ಹರಿದು ಟಿಕೆಟ್ಟು. ಕಡಲೆಕಾಯಿ ಬೀಜ ದುಡ್ಡು. ಹತ್ತು ಬೀಜ ಕೊಟ್ಟ ಹುಡುಗಿಗೆ ಟಿಕೆಟ್ ಏಳು. ಮಗನ ಹತ್ತಿರ ಚಿಲ್ಲರೆ ಇರಲಿಲ್ಲ, ಅಷ್ಟು ಹೊತ್ತಿಗೆ ತಿಂದುಬಿಟ್ಟಿದ್ದ. ಟಿಕೆಟ್ಟಿನ ಹಿಂದೆ "3" ಅಂತ ಬರೆದು, ಸುತ್ತ ಒಂದು ಸೊನ್ನೆ ಎಳೆದು, "ಇಳಿಯುವಾಗ ಕೇಳಿ ಇಸ್ಕೊಳ್ಳಿ" ಅಂದ. ಅಜ್ಜಿ ಊರಿಗೆ ಹೋಗುವಾಗ ಕಂಡಕ್ಟರನ್ನು ಎಷ್ಟು ಗಮನವಿಟ್ಟು ನೋಡಿದ್ದಾನೆ ಅಂತ ನನಗೆ ಗೊತ್ತಾದದ್ದೇ ಆಗ. ಕಳೆಯುವ ಲೆಕ್ಕಕ್ಕೆ ವರ್ಷವೆಲ್ಲ ಅಳುತ್ತಿದ್ದ ಹುಡುಗ, ಆ ವಾರ ಮೂವತ್ತು ಟಿಕೆಟ್ಟು ಹರಿದ. ಆ ಬಸ್ಸು ಹನ್ನೊಂದು ದಿನ ಓಡಿತು. ಒಂದು ದಿನ ಪಂಕ್ಚರ್ ಆಯಿತು, ಒಂದು ದಿನ ಮುಷ್ಕರವೂ ಆಯಿತು.

ಇಂಥದ್ದು ಆಗಬೇಕಾದರೆ ನಾವು ಮಾಡಬೇಕಾದ ಕೆಲಸ ಸ್ವಲ್ಪ ಇದೆ. ರಟ್ಟಿನ ಪೆಟ್ಟಿಗೆ, ಹಗ್ಗ, ಹಳೇ ಸೀರೆ, ಗೋಂದು, ಸೀಮೆಸುಣ್ಣ ಕೈಗೆ ಸಿಗುವ ಕಡೆ ಇಡಿ. ಮನೆ ಗಲೀಜಾಗುತ್ತದೆ, ಆಗಲಿ, ಸಂಜೆ ಅವರೇ ಎತ್ತಿಡಬೇಕು ಅಂತ ಮೊದಲೇ ಹೇಳಿ. ಬಿಸಿಲ ಹೊತ್ತಿಗೆ ನೆರಳಿನ ಆಟ ಒಂದೆರಡು ಕಲಿಸಿಕೊಟ್ಟು ಪಕ್ಕಕ್ಕೆ ಸರಿಯಿರಿ. ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಐದರ ಮನೆ ಎಳೆದರೆ ಆಯಿತು. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಬಹುದು. ಆ ಉಜ್ಜುವುದೇ ಮಕ್ಕಳಿಗೆ ಅರ್ಧ ದಿನದ ಕೆಲಸ. ಅಟ್ಟದ ಮೇಲಿನ ಅಳಗುಳಿಮಣೆ ಇಳಿಸಿ. ಬಿಸಿಲು ಇಳಿದ ಮೇಲೆ ಲಗೋರಿ, ಕುಂಟೆಬಿಲ್ಲೆ. ಐದು ವರ್ಷ ದಾಟಿದ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಏದುಸಿರು ಬರುವಂತೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಗೋರಿಯಲ್ಲಿ ಆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಹೊರಗಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ತೊಂದರೆ ಬರುವುದೂ ಕಡಿಮೆ.

ಮೊಬೈಲಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಪಾಡಿಗೆ ಬಿಡುವುದು ಅಂದರೆ ಮೊಬೈಲಿನ ಪಾಡಿಗೆ ಬಿಡುವುದಲ್ಲ. ಅದು ಕೈಯಲ್ಲಿದ್ದರೆ ಬೇಜಾರು ಆಗುವುದೇ ಇಲ್ಲ, ಬೇಜಾರಾಗದಿದ್ದರೆ ಆ ಬಸ್ಸು ಹುಟ್ಟುವುದೇ ಇಲ್ಲ. ನಮ್ಮಲ್ಲಿ ಸಂಜೆ ಏಳರ ಮೇಲೆ ಒಂದು ಗಂಟೆ, ಅದೂ ಎಲ್ಲರೂ ಕೂತು ನೋಡುವುದು. ಹಗಲು ಯಾರೂ ಕಾಯುವವರಿಲ್ಲದ ಮನೆಯಲ್ಲಿ ಈ ನಿಯಮ ನಿಲ್ಲುವುದಿಲ್ಲ. ಅಂಥವರಿಗೆ ಇಡೀ ದಿನದ ಶಿಬಿರವೇ ಮೇಲು.

ಊರಿನ ಗ್ರಂಥಾಲಯ

ಹಳ್ಳಿಯಲ್ಲಿರುವವರಿಗೆ, ಶಿಬಿರಕ್ಕೆ ದುಡ್ಡು ಹೊಂದಿಸಲು ಆಗದವರಿಗೆ ಒಂದು ಮಾತು. 2020ರಲ್ಲಿ "ಓದುವ ಬೆಳಕು" ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಅದರಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅರಿವು ಕೇಂದ್ರ ಅಂತ ಬೋರ್ಡು ಇರುವುದು ಇವಕ್ಕೇ. ಎಷ್ಟೋ ಕಡೆ ಪುಸ್ತಕದ ಜೊತೆ ಚೆಸ್ಸು, ಕೇರಂ ಕೂಡ ಇರುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ರಜೆಯಲ್ಲಿ ಮಕ್ಕಳಿಗೆ ಏನಾದರೂ ಮಾಡುತ್ತಾರಾ ಅಂತ ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ. ನಾಲ್ಕು ಮಕ್ಕಳು ದಿನಾ ಹೋಗಿ ಕೂರಲು ಶುರುಮಾಡಿದರೆ ಅವರಿಗೂ ಹುಮ್ಮಸ್ಸು ಬರುತ್ತದೆ.

ಇನ್ನೊಂದು ವಿಷಯ ಮರೆಯಬಾರದು. ರಜೆ ಅಂದರೆ ಎಷ್ಟೋ ಮಕ್ಕಳಿಗೆ ಬಿಸಿಯೂಟ ಇಲ್ಲದ ದಿನಗಳು. 2024ರ ಬರಗಾಲದಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟಿದ್ದರು. ನಿಮ್ಮ ಮಕ್ಕಳ ಜೊತೆ ಆಡಲು ಬರುವ ಮಗು ಮಧ್ಯಾಹ್ನ ಮನೆಗೆ ಹೋಗದೆ ಅಲ್ಲೇ ಸುಳಿದಾಡುತ್ತಿದ್ದರೆ, ಒಂದು ತಟ್ಟೆ ಜಾಸ್ತಿ ಹಾಕಿ.

ಹಾಗಾದರೆ ನಿಮಗೆ ಯಾವುದು?

ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಮನೆಯಲ್ಲಿ ಬೇರೆ ಯಾರೂ ಇಲ್ಲ, ಮಗು ಹತ್ತರೊಳಗೆ: ನಾಲ್ಕು ವಾರ ಇಡೀ ದಿನದ ಶಿಬಿರ, ಎರಡು ವಾರ ಅಜ್ಜಿ ಮನೆ, ಉಳಿದ ದಿನಕ್ಕೆ ನಿಮ್ಮಿಬ್ಬರ ರಜೆಯನ್ನು ಹಂಚಿಕೊಳ್ಳಿ. ಸಂಜೆ ಶಿಬಿರದಿಂದ ಬಂದ ಮೇಲೆ ಇನ್ನೊಂದು ಕ್ಲಾಸು ಮಾತ್ರ ಬೇಡವೇ ಬೇಡ.

ಮನೆಯಲ್ಲಿ ಒಬ್ಬರು ಇರುತ್ತೀರಿ, ಬೀದಿಯಲ್ಲಿ ಮಕ್ಕಳಿದ್ದಾರೆ: ಬೆಳಗ್ಗೆ ಈಜು, ಉಳಿದದ್ದು ಖಾಲಿ. ಇದಕ್ಕಿಂತ ಒಳ್ಳೆಯ ರಜೆಯನ್ನು ದುಡ್ಡು ಕೊಟ್ಟರೂ ತರಲಾಗುವುದಿಲ್ಲ.

ಮನೆಯಲ್ಲಿ ದೊಡ್ಡವರಿದ್ದಾರೆ, ಆದರೆ ಜೊತೆಗೆ ಮಕ್ಕಳಿಲ್ಲ: ಒಂದು ಅರ್ಧ ದಿನದ ಶಿಬಿರಕ್ಕೆ ಸೇರಿಸಿ. ಕಲಿಕೆಗಿಂತ ಗೆಳೆತನಕ್ಕೆ ಅಂತ ಸೇರಿಸಿ. ಅಲ್ಲಿ ಸಿಕ್ಕ ಒಬ್ಬ ಗೆಳೆಯನನ್ನು ಮಧ್ಯಾಹ್ನ ಮನೆಗೆ ಕರೆಯಿರಿ. ಒಂದೇ ಮಗು ಇರುವ ಮನೆಗಳಿಗೆ ಇದು ತುಂಬಾ ಮುಖ್ಯ.

ಹದಿಮೂರು ದಾಟಿದ ಮಕ್ಕಳನ್ನು ಕೇಳದೆ ಯಾವುದಕ್ಕೂ ಸೇರಿಸಬೇಡಿ. ಆ ವಯಸ್ಸಿಗೆ ಶಿಬಿರಕ್ಕಿಂತ ನಿಜವಾದ ಕೆಲಸ ಇಷ್ಟ ಆಗುತ್ತದೆ. ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂತು ಪಂಕ್ಚರ್ ಹಾಕುವುದು ನೋಡಿ ಕಲಿಯುವುದು, ಮನೆಗೆ ವಾರದ ತರಕಾರಿ ತರುವುದು, ಒಂದು ಹೊತ್ತಿನ ಅಡುಗೆ ಪೂರ್ತಿ ಅವರದ್ದೇ ಅಂತ ಬಿಡುವುದು.

ಯಾವುದನ್ನು ಆರಿಸಿದರೂ ಫಾರಂ ತುಂಬುವ ಮೊದಲು ಒಂದು ಕೆಲಸ ಮಾಡಿ. ಒಂದು ಕ್ಯಾಲೆಂಡರ್ ಹಿಡಿದು ನಿಮ್ಮ ಬೀದಿಯ ಅಥವಾ ಅಪಾರ್ಟ್‌ಮೆಂಟಿನ ಮೂರು ನಾಲ್ಕು ಮನೆಗೆ ಹೋಗಿ. ಯಾರ ಮಗು ಯಾವಾಗ ಎಲ್ಲಿರುತ್ತದೆ ಅಂತ ಗುರುತು ಮಾಡಿಕೊಳ್ಳಿ. ಶಿಬಿರ, ಊರು ಎಲ್ಲ ಆದಷ್ಟು ಒಂದೇ ವಾರಗಳಿಗೆ ಬರುವಂತೆ ಮಾತಾಡಿ ಹೊಂದಿಸಿ. ಆಗ ಉಳಿದ ವಾರಗಳೂ ಎಲ್ಲರಿಗೂ ಒಟ್ಟಿಗೇ ಖಾಲಿ ಇರುತ್ತವೆ. ಕಳೆದ ವರ್ಷ ನಾವು ನಾಲ್ಕು ಮನೆಯವರು ಮೇ ತಿಂಗಳ ಮೊದಲ ಹದಿನೈದು ದಿನವನ್ನು ಹೀಗೆ ಬಿಟ್ಟುಕೊಂಡೆವು. ಆ ಬಸ್ಸು ಓಡಿದ್ದು ಆ ಹದಿನೈದು ದಿನದಲ್ಲೇ. ಈ ವರ್ಷ ಫೆಬ್ರವರಿಯಲ್ಲೇ ಮೇಲಿನ ಮನೆಯ ಹುಡುಗಿ ಬಂದು ಕೇಳಿದಳು: "ಆಂಟಿ, ಈ ಸಲವೂ ಮೇ ಒಂದರಿಂದ ತಾನೇ?"